ಹಾಡು ಹುಟ್ಟುವ ಬಗೆ

(ಶತಮಾನೋತ್ಸವದ ಅಂಗವಾಗಿ ನಮ್ಮ ಧರ್ಮಕೇಂದ್ರದ ಗಾನವೃಂದದ ಕೂಟದಲ್ಲಿ ಧರ್ಮಗುರುಗಳು ಮಾಡಿದ ಭಾಷಣದ ಲಿಖಿತ ರೂಪ)



ನೂರು ವರ್ಷಗಳನ್ನು ಪೂರೈಸಿದ ಈ ದೇವಾಲಯದ ಉತ್ಸವಕ್ಕೆ ನಮ್ಮದೇ ಆದ ಒಂದು ಗೀತೆ ಬೇಕೆಂದು ಉತ್ಸವ ಸಮಿತಿಯವರು ಕೇಳಿಕೊಂಡು ತಿಂಗಳುಗಳೇ ಕಳೆದವು. ಬಂದ ಉತ್ತರಗಳು ಎರಡು ಬಗೆಯವು. ಕೆಲವರು, “ಸ್ವಾಮಿ, ಹಾಡು ಕಟ್ಟುವುದು ದೇವರು ಕೊಡುವ ವರ, ಅದು ನಮಗೆ ಬಂದಿಲ್ಲ” ಎಂದು ಕೈಮುಗಿದುಬಿಟ್ಟರು. ಇನ್ನು ಕೆಲವರು ಜನಪ್ರಿಯ ಚಲನಚಿತ್ರಗೀತೆಯ ಧಾಟಿಗೆ ಯೇಸುಸ್ವಾಮಿಯ ನಾಮವನ್ನು ಕೂಡಿಸಿ ಒಂದೇ ಸಂಜೆಯಲ್ಲಿ ಐದು ಹಾಡುಗಳನ್ನು ತಂದೊಪ್ಪಿಸಿದರು. ಮೊದಲನೆಯವರ ವಿನಯವೂ ಎರಡನೆಯವರ ಉತ್ಸಾಹವೂ ಮೆಚ್ಚತಕ್ಕವೇ ಸರಿ. ಆದರೆ ಹಾಡು ಎಲ್ಲಿಂದ ಬರುತ್ತದೆ ಎಂಬ ವಿಷಯದಲ್ಲಿ ಇಬ್ಬರದೂ ಒಂದೇ ತಪ್ಪು ತಿಳಿವಳಿಕೆಯೆಂದು ನಮಗೆ ತೋರುತ್ತದೆ. ಒಬ್ಬರು ಅದು ಆಕಾಶದಿಂದ ಬೀಳಲೆಂದು ಕಾದರು. ಮತ್ತೊಬ್ಬರು ಅದನ್ನು ಸಂತೆಯಿಂದ ತಂದರು. ತಮ್ಮ ಬದುಕಿನಲ್ಲಿಯೂ ನೆನಪಿನಲ್ಲಿಯೂ ಹುಡುಕಿ ನೋಡಲು ಇಬ್ಬರೂ ಹೋಗಲಿಲ್ಲ.

ಇದು ಉತ್ಸವದ ಒಂದು ಗೀತೆಗೆ ಮಾತ್ರ ಸಂಬಂಧಿಸಿದ ವಿಷಯವಾಗಿದ್ದರೆ ನಾವು ಇಷ್ಟು ಮಾತನಾಡುತ್ತಿರಲಿಲ್ಲ. ಇತ್ತೀಚಿನ ವರ್ಷಗಳಲ್ಲಿ ಭಾನುವಾರದ ಪೂಜೆಯಲ್ಲಿ ಹಾಡುವವರು ಗಾನವೃಂದದ ಹತ್ತು ಹನ್ನೆರಡು ಮಂದಿ, ಉಳಿದವರು ಕೇಳುಗರು. ಧ್ವನಿಮುದ್ರಿತ ವಾದ್ಯಗೋಷ್ಠಿ ಬಂದಮೇಲೆ ಆ ಹತ್ತು ಮಂದಿಯ ದನಿಯೂ ಅದರ ಅಡಿಯಲ್ಲಿ ಸಿಕ್ಕಿಕೊಳ್ಳುತ್ತಿದೆ. ಹಾಡು ಹೇಗೆ ಹುಟ್ಟಿತೆಂಬುದನ್ನು ಮರೆತ ಸಭೆಯು ಹಾಡುವುದನ್ನೂ ಮರೆಯಬಹುದೆಂಬ ಅಂಜಿಕೆಯಿಂದಲೇ ನಾವು ಈ ಮಾತನ್ನೆತ್ತಿದ್ದೇವೆ.

ಮೊದಲು ಪವಿತ್ರಗ್ರಂಥವನ್ನೇ ನೋಡೋಣ. ಸಂತ ಲೂಕರ ಶುಭಸಂದೇಶದ ಮೊದಲನೆಯ ಅಧ್ಯಾಯದಲ್ಲಿ ಮಾತೆ ಮರಿಯಮ್ಮನವರು ಎಲಿಜಬೇತಮ್ಮನವರ ಮನೆಯಲ್ಲಿ ಹಾಡಿದ ಸ್ತುತಿಗೀತೆ ಇದೆ. ಪವಿತ್ರಾತ್ಮಪ್ರೇರಿತವಾದ ಹಾಡೆಂದರೆ ಅದಕ್ಕಿಂತ ಬೇರೆ ಯಾವುದಿದ್ದೀತು? ಆದರೂ ಅದನ್ನು ಸಮುವೇಲನ ಮೊದಲನೆಯ ಗ್ರಂಥದ ಎರಡನೆಯ ಅಧ್ಯಾಯದ ಪಕ್ಕದಲ್ಲಿಟ್ಟು ಓದಿದವರಿಗೆ ಒಂದು ಸಂಗತಿ ಹೊಳೆಯದಿರದು. ಬಂಜೆಯೆನಿಸಿಕೊಂಡು ಅತ್ತ ಹನ್ನಳು ಮಗನನ್ನು ಪಡೆದು ದೇವಾಲಯಕ್ಕೆ ಒಪ್ಪಿಸಿದಾಗ ಹಾಡಿದ ಹಾಡಿನ ದನಿ ನಜರೇತಿನ ಕನ್ಯೆಯ ಹಾಡಿನಲ್ಲಿ ಮತ್ತೆ ಕೇಳಿಬರುತ್ತದೆ. ಹಿರಿಯರಿಂದ ಕೇಳಿ, ಕೀರ್ತನೆಗಳೊಂದಿಗೆ ಎದೆಯಲ್ಲಿಟ್ಟುಕೊಂಡದ್ದೇ ತಕ್ಕ ಗಳಿಗೆ ಬಂದಾಗ ಹೊಸದಾಗಿ ಹೊರಹೊಮ್ಮಿತು. ಪವಿತ್ರಾತ್ಮರು ಖಾಲಿ ಕಣಜದಿಂದ ಧಾನ್ಯ ಅಳೆಯುವುದಿಲ್ಲವೆಂದು ನಾವು ಇದನ್ನು ಅರ್ಥಮಾಡಿಕೊಂಡಿದ್ದೇವೆ.

ಆದರೆ ಕಣಜ ತುಂಬಿದ್ದರೆ ಸಾಲದು, ಬಾಗಿಲು ತೆರೆಯಬೇಕು. ಅದು ತೆರೆಯುವುದು ಬಹುಮಟ್ಟಿಗೆ ಮನುಷ್ಯನು ಎತ್ತಲೂ ಹೋಗಲಾರದೆ ನಿಂತಾಗ. ಇದಕ್ಕೆ ನಮಗೆ ತಿಳಿದ ಅತ್ಯುತ್ತಮ ನಿದರ್ಶನವು ನೀವೆಲ್ಲರೂ ಕೇಳಿರುವ, ನಿಮ್ಮಲ್ಲಿ ಬಹುಮಂದಿ ಶಾಲೆಯಲ್ಲಿ ಹಾಡಿರುವ ಗೀತೆಯೇ ಆಗಿದೆ.

‘ಕರುಣಾಳು ಬಾ ಬೆಳಕೆ’ ಎಂಬ ಪ್ರಾರ್ಥನೆಯನ್ನು ಕೇಳದ ಕನ್ನಡಿಗರು ವಿರಳ. ಅದನ್ನು ಕನ್ನಡಕ್ಕೆ ತಂದವರು ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದ ಬಿ. ಎಂ. ಶ್ರೀಕಂಠಯ್ಯನವರೆಂಬುದೂ ಹಲವರಿಗೆ ಗೊತ್ತು. ಅದರ ಮೂಲವನ್ನು ಬರೆದವರು ಮುಂದೆ ನಮ್ಮ ಧರ್ಮಸಭೆಯ ಕಾರ್ಡಿನಲರಾದ, 2019ರಲ್ಲಿ ಸಂತಪದವಿಗೇರಿದ ಜಾನ್ ಹೆನ್ರಿ ನ್ಯೂಮನ್ ಎಂಬುದು ಮಾತ್ರ ನಮ್ಮ ಭಕ್ತಾದಿಗಳಲ್ಲಿಯೇ ಎಷ್ಟೋ ಮಂದಿಗೆ ತಿಳಿಯದು.

ಅವರು ಅದನ್ನು ಬರೆದದ್ದು 1833ರ ಜೂನ್ 16ರಂದು. ಆಗ ಅವರಿಗೆ 32 ವರ್ಷ. ಆಂಗ್ಲಿಕನ್ ಸಭೆಯ ಪಾದ್ರಿಗಳು, ಆಕ್ಸ್‌ಫರ್ಡಿನ ಬೋಧಕರು. ಹಿಂದಿನ ಡಿಸೆಂಬರಿನಲ್ಲಿ ಮಿತ್ರರೊಡನೆ ಮೆಡಿಟರೇನಿಯನ್ ಸಮುದ್ರದ ಪ್ರವಾಸಕ್ಕೆ ಹೊರಟವರು ವಸಂತದಲ್ಲಿ ಮಿತ್ರರನ್ನು ಮುಂದೆ ಕಳುಹಿಸಿ ಒಬ್ಬರೇ ಸಿಸಿಲಿ ದ್ವೀಪಕ್ಕೆ ಹಿಂದಿರುಗಿದರು. ಅಲ್ಲಿ ಘೋರವಾದ ಜ್ವರ ಬಂದಿತು. ಊರು ಪರಊರು, ಮಾತು ಬಾರದ ಜನ, ಜೊತೆಯಲ್ಲಿದ್ದವನು ಜೆನ್ನಾರೋ ಎಂಬ ಸೇವಕನೊಬ್ಬನೇ. ಇವರು ಬದುಕುವುದಿಲ್ಲವೆಂದೇ ಅವನು ಎಣಿಸಿದ್ದನು. ಹೇಗೋ ಜ್ವರ ಇಳಿಯಿತು. ಬಳಲಿದ ದೇಹವನ್ನು ಹೊತ್ತು ಪಲೆರ್ಮೋ ರೇವಿಗೆ ಬಂದರೆ ಅಲ್ಲಿ ಹಡಗು ಸಿಗದೆ ಸುಮಾರು ಮೂರು ವಾರ ಕಾಯಬೇಕಾಯಿತು. ಪಲೆರ್ಮೋಗೆ ಹೊರಡುವ ಮುಂಚೆ ಒಂದು ದಿನ ಹಾಸಿಗೆಯ ಮೇಲೆ ಕುಳಿತು ಬಿಕ್ಕಿಬಿಕ್ಕಿ ಅತ್ತಿದ್ದರಂತೆ. ಏನಾಯಿತೆಂದು ಸೇವಕನು ಕೇಳಿದಾಗ, ಇಂಗ್ಲೆಂಡಿನಲ್ಲಿ ತಾವು ಮಾಡಬೇಕಾದ ಕಾರ್ಯವೊಂದಿದೆ ಎಂದಷ್ಟೇ ಹೇಳಲು ಸಾಧ್ಯವಾಯಿತು. ಆ ಕಾರ್ಯ ಏನೆಂಬುದು ಅವರಿಗೇ ಆಗ ಸ್ಪಷ್ಟವಿರಲಿಲ್ಲ.

ಕೊನೆಗೆ ಸಿಕ್ಕಿದ್ದು ಮಾರ್ಸೇಲ್ಸಿಗೆ ಕಿತ್ತಳೆಹಣ್ಣು ಸಾಗಿಸುತ್ತಿದ್ದ ಹಾಯಿದೋಣಿ. ಅದಾದರೂ ಸಾಗಿತೇ? ಕಾರ್ಸಿಕಾ ಮತ್ತು ಸಾರ್ಡಿನಿಯಾ ದ್ವೀಪಗಳ ನಡುವಣ ಬೊನಿಫಾಚೋ ಜಲಸಂಧಿಯಲ್ಲಿ ಗಾಳಿ ನಿಂತುಹೋಯಿತು. ಹಾಯಿಗಳು ಜೋತುಬಿದ್ದವು. ಇಡೀ ಒಂದು ವಾರ ದೋಣಿ ನಿಂತಲ್ಲೇ ನಿಂತಿತು. ರೋಗದಿಂದೆದ್ದ ದೇಹ, ಮನೆಯ ಹಂಬಲ, ಮುಂದಿನ ದಾರಿ ತಿಳಿಯದ ಮನಸ್ಸು, ನಿಶ್ಚಲವಾದ ಸಮುದ್ರ. ಅಲ್ಲಿ ಆ ಪದ್ಯ ಹುಟ್ಟಿತು. ದೂರದ ನೋಟ ಬೇಡ, ಮುಂದಿನ ಒಂದು ಹೆಜ್ಜೆಗೆ ಬೆಳಕು ಸಾಕು ಎಂಬುದು ಅದರ ತಿರುಳು. ದಡ ಕಾಣದೆ ಕುಳಿತವರ ಬಾಯಿಂದ ಬೇರೆ ಯಾವ ಪ್ರಾರ್ಥನೆ ಬಂದೀತು?

ಇಲ್ಲಿಯೂ ಕಣಜದ ಮಾತನ್ನು ಮರೆಯಬಾರದು. 1868ರಲ್ಲಿ ತಮ್ಮ ಪದ್ಯಗಳನ್ನು ಸಂಗ್ರಹಿಸಿದಾಗ ನ್ಯೂಮನ್‌ರು ಇದಕ್ಕೆ ಕೊಟ್ಟ ಶೀರ್ಷಿಕೆ ‘ಮೇಘಸ್ತಂಭ’. ಇಸ್ರಯೇಲರನ್ನು ಮರುಭೂಮಿಯಲ್ಲಿ ಹಗಲು ಮೇಘಸ್ತಂಭವಾಗಿಯೂ ಇರುಳು ಅಗ್ನಿಸ್ತಂಭವಾಗಿಯೂ ದೇವರು ನಡೆಸಿದರೆಂಬ ವಿಮೋಚನಾಕಾಂಡದ ವಾರ್ತೆಯೇ ಆ ಬೆಳಕಿನ ಮೂಲ. ಇನ್ನೊಂದು ಸಂಗತಿ: ಆ ಪ್ರವಾಸದುದ್ದಕ್ಕೂ ಅವರು ಪದ್ಯಗಳನ್ನು ಬರೆಯುತ್ತಲೇ ಇದ್ದರು, ಅಂಥವು ಹತ್ತಾರು ಇವೆ. ಅವುಗಳಲ್ಲಿ ಬಹುಪಾಲನ್ನು ಇಂದು ವಿದ್ವಾಂಸರಲ್ಲದೆ ಬೇರೆಯವರು ಓದುವುದಿಲ್ಲ. ಪ್ರತಿದಿನ ನೇಗಿಲು ಹಿಡಿದವನ ಹೊಲದಲ್ಲಿಯೇ ಒಂದು ದಿನ ನಿಧಿ ಸಿಕ್ಕಿತು. ಒಂದೇ ಪದ್ಯ ಬರೆದು ಅದೇ ಅಮರವಾಗಲೆಂದು ಬಯಸುವ ನಮ್ಮ ತರುಣರು ಇದನ್ನು ಗಮನಿಸಬೇಕು.

ಅದು ಇನ್ನೂ ಹಾಡಾಗಿರಲಿಲ್ಲ, ಪದ್ಯವಾಗಿತ್ತು. ನ್ಯೂಮನ್‌ರು ಅದನ್ನು ಸಭೆ ಹಾಡಲೆಂದು ಬರೆದವರೇ ಅಲ್ಲ. ಮೂವತ್ತಕ್ಕೂ ಹೆಚ್ಚು ವರ್ಷಗಳ ಮೇಲೆ, 1865ರಲ್ಲಿ, ಜಾನ್ ಬ್ಯಾಕಸ್ ಡೈಕ್ಸ್ ಎಂಬ ಆಂಗ್ಲಿಕನ್ ಪಾದ್ರಿಗಳು ಅದಕ್ಕೊಂದು ರಾಗ ಕಟ್ಟಿದರು. ಲಂಡನ್ನಿನ ಗದ್ದಲದ ಬೀದಿಯೊಂದರಲ್ಲಿ ನಡೆಯುತ್ತಿದ್ದಾಗ ಆ ರಾಗ ಅವರಿಗೆ ಹೊಳೆಯಿತೆಂದು ಹೇಳುತ್ತಾರೆ. ಸಮುದ್ರದ ಮೌನದಲ್ಲಿ ಮಾತು, ಪೇಟೆಯ ಗದ್ದಲದಲ್ಲಿ ರಾಗ! ಹಾಡು ಹುಟ್ಟಲು ಬೆಟ್ಟದ ತುದಿಯೂ ಹೊಳೆಯ ದಡವೂ ಬೇಕೇಬೇಕೆಂದು ಹೇಳುವವರಿಗೆ ಇದು ಉತ್ತರ. ತಮ್ಮ ಗೀತೆ ಜನಪ್ರಿಯವಾದುದಕ್ಕೆ ಡೈಕ್ಸರ ರಾಗವೇ ಕಾರಣವೆಂದು ನ್ಯೂಮನ್‌ರು ಮುಂದೆ ಮುಕ್ತವಾಗಿ ಒಪ್ಪಿಕೊಂಡರು. ಆಗ ಅವರು ಕಥೋಲಿಕರು, ರಾಗ ಕಟ್ಟಿದವರು ಆಂಗ್ಲಿಕನರು. ಅನಂತರ ನಮ್ಮ ದೇಶದಲ್ಲಿ ಅದು ಗಾಂಧೀಜಿಯವರಿಗೆ ಪ್ರಿಯವಾದ ಪ್ರಾರ್ಥನೆಗಳಲ್ಲೊಂದಾಯಿತು. 1920ರ ದಶಕದಲ್ಲಿ ಶ್ರೀಕಂಠಯ್ಯನವರ ‘ಇಂಗ್ಲಿಷ್ ಗೀತಗಳು’ ಮೂಲಕ ಕನ್ನಡದ್ದೇ ಆಯಿತು. ಅನುವಾದವೆಂದು ಯಾರೂ ಹೇಳಲಾರದಷ್ಟು ನಮ್ಮದಾಯಿತು. ಕನ್ನಡದ ಲಯ ಯಾವುದು, ಅದು ಯಾವ ಭಾರವನ್ನು ಹೊರಬಲ್ಲುದು ಎಂಬುದನ್ನು ವರ್ಷಗಟ್ಟಲೆ ತೂಗಿ ನೋಡಿದವರ ಕೈಯಲ್ಲಿ ಮಾತ್ರ ಇಂಥದು ಸಾಧ್ಯ.

ಇನ್ನು ನಮ್ಮ ಗಾನವೃಂದದವರು ಪ್ರತಿ ಕ್ರಿಸ್ತಜಯಂತಿಯಂದು ತಪ್ಪದೆ ಹಾಡುವ ಶಾಂತರಾತ್ರಿಯ ಗೀತೆಯ ವಿಷಯ. ಅದರ ಬಗ್ಗೆ ಒಂದು ಕಥೆ ಎಲ್ಲ ಕಡೆಯೂ ಹಬ್ಬಿದೆ: ಹಬ್ಬದ ಮುನ್ನಾದಿನ ಇಲಿಗಳು ಆರ್ಗನ್ ವಾದ್ಯದ ತಿದಿಯನ್ನು ಕಡಿದುಹಾಕಿದವು, ಗುರುಗಳು ಗಾಬರಿಯಿಂದ ಒಂದೇ ರಾತ್ರಿಯಲ್ಲಿ ಹಾಡು ಬರೆದರು ಎಂದು. ಮಕ್ಕಳಿಗೆ ಹೇಳಲು ಸೊಗಸಾದ ಕಥೆ. ಆದರೆ ರಾಗ ಕಟ್ಟಿದ ಫ್ರಾನ್ಸ್ ಕ್ಸೇವರ್ ಗ್ರೂಬರ್ ಅವರು 1854ರ ಡಿಸೆಂಬರ್ 30ರಂದು ಬರೆದಿಟ್ಟ ವಿವರಣೆಯಲ್ಲಿ ಇಲಿಯೂ ಇಲ್ಲ, ಕೆಟ್ಟ ಆರ್ಗನ್ನೂ ಇಲ್ಲ.

ನಡೆದದ್ದು ಅದಕ್ಕಿಂತ ಸರಳ. ನಮ್ಮ ದೃಷ್ಟಿಯಲ್ಲಿ ಅದಕ್ಕಿಂತ ಹಿರಿದು. ಜೋಸೆಫ್ ಮೋರ್ ಎಂಬ ಸಹಾಯಕ ಗುರುಗಳು ಆಸ್ಟ್ರಿಯದ ಸಾಲ್ಜ್‌ಬುರ್ಗ್ ನಗರದಲ್ಲಿ 1792ರಲ್ಲಿ ಹುಟ್ಟಿದವರು. ತಾಯಿ ಹೆಣಿಗೆಯ ಕೆಲಸದಿಂದ ಹೊಟ್ಟೆಹೊರೆಯುತ್ತಿದ್ದ ಬಡವಿ; ಮದುವೆಯಿಲ್ಲದೆ ಹೆತ್ತವಳು. ತಂದೆ ಸೈನಿಕ, ಬಿಟ್ಟುಹೋದವನು. ಅಂದಿನ ಕಾಲದಲ್ಲಿ ಅಂಥ ಮಗುವಿಗೆ ಸಮಾಜದಲ್ಲಿ ಯಾವ ಸ್ಥಾನವಿತ್ತೆಂಬುದನ್ನು ನಾವು ಬಿಡಿಸಿ ಹೇಳಬೇಕಾಗಿಲ್ಲ. ಕಂಠ ಮಧುರವಾಗಿದ್ದುದರಿಂದ ಗುರುಗಳೊಬ್ಬರು ಆ ಹುಡುಗನನ್ನು ಓದಿಸಿದರು. 1815ರಲ್ಲಿ ಗುರುದೀಕ್ಷೆಯಾಯಿತು. ಮರುವರ್ಷ ಮಾರಿಯಾಪ್ಫಾರ್ ಎಂಬ ಹಳ್ಳಿಯಲ್ಲಿದ್ದಾಗ ಅವರು ಆ ಆರು ಚರಣಗಳ ಪದ್ಯವನ್ನು ಬರೆದರು. ನೆಪೋಲಿಯನ್ನನ ಯುದ್ಧಗಳು ಮುಗಿದು ನಾಡು ಬಡವಾಗಿದ್ದ ಕಾಲ. 1816 ಯೂರೋಪಿನಲ್ಲಿ ಬೇಸಿಗೆಯೇ ಬಾರದೆ ಬೆಳೆ ಹಾಳಾದ ವರ್ಷ. ಪದ್ಯ 1816ರದೆಂಬುದು 1995ರಲ್ಲಿ ಮೋರ್ ಅವರ ಸ್ವಹಸ್ತಾಕ್ಷರದ ಪ್ರತಿಯೊಂದು ಬೆಳಕಿಗೆ ಬಂದಮೇಲೆ ಖಚಿತವಾಯಿತು.

ಎರಡು ವರ್ಷ ಆ ಹಾಳೆ ಮಡಿಚಿದಂತೆಯೇ ಇದ್ದಿತು. 1818ರ ಡಿಸೆಂಬರ್ 24ರಂದು, ಓಬೆರ್ನ್‌ಡೋರ್ಫ್ ಎಂಬ ಊರಿನ ಸಂತ ನಿಕೊಲಾಸರ ದೇವಾಲಯದಲ್ಲಿ ಸಹಾಯಕರಾಗಿದ್ದ ಮೋರ್ ಅವರು ಅದನ್ನು ಗ್ರೂಬರ್ ಅವರ ಕೈಗಿತ್ತರು. ಗ್ರೂಬರ್ ಪಕ್ಕದ ಊರಿನ ಶಾಲಾ ಉಪಾಧ್ಯಾಯರು, ದೇವಾಲಯದಲ್ಲಿ ಆರ್ಗನ್ ನುಡಿಸುವವರು. ಎರಡು ಕಂಠಗಳಿಗೂ ಗಾನವೃಂದಕ್ಕೂ ಹೊಂದುವ, ಗಿಟಾರ್ ಹಿಮ್ಮೇಳದ ರಾಗವೊಂದನ್ನು ಕೇಳಿದರು. ಅಂದು ಸಂಜೆಗೇ ರಾಗ ಸಿದ್ಧವಾಯಿತು. ಅದೇ ರಾತ್ರಿ ಗುರುಗಳು ಗಿಟಾರ್ ನುಡಿಸುತ್ತ ಮೇಲಿನ ದನಿಯಲ್ಲಿ, ಉಪಾಧ್ಯಾಯರು ಕೆಳದನಿಯಲ್ಲಿ ಹಾಡಿದರು. ಆ ರಾಗವನ್ನು ಗಮನಿಸಿ ಕೇಳಿದರೆ ಅದು ತೊಟ್ಟಿಲು ತೂಗುವ ಲಯವೇ. ತಂದೆಯ ಆಶ್ರಯ ಕಾಣದ ಮಗುವಾಗಿ ಬೆಳೆದವರು ಛತ್ರದಲ್ಲಿ ಸ್ಥಳವಿಲ್ಲದ ದೈವಶಿಶುವಿಗೆ ಬರೆದ ಮಾತಿಗೆ, ಬಡ ಉಪಾಧ್ಯಾಯರು ಜೋಗುಳದ ರಾಗ ಹಾಕಿದರು.

ಅದು ಲೋಕಕ್ಕೆ ಹಬ್ಬಿದ್ದೂ ಪಂಡಿತರಿಂದಲ್ಲ. ಆರ್ಗನ್ ದುರಸ್ತಿಗೆ ಬಂದ ಕುಶಲಕರ್ಮಿಯೊಬ್ಬರು ಹಾಡನ್ನು ತಮ್ಮ ಕಣಿವೆಗೆ ಕೊಂಡೊಯ್ದರು. ಅಲ್ಲಿಯ ಹಾಡುಗಾರ ಕುಟುಂಬಗಳು ಊರೂರು ಸುತ್ತಿ ಹಾಡಿದವು. ಬರೆದವರ ಹೆಸರು ದಾರಿಯಲ್ಲೆಲ್ಲೋ ಉದುರಿಹೋಯಿತು. ಇದು ಮಿಖಾಯೆಲ್ ಹೈಡನ್ನನ ಕೃತಿಯೇ ಎಂದು ಬರ್ಲಿನ್ನಿನ ಅರಮನೆಯ ಸಂಗೀತಗಾರರು ವಿಚಾರಿಸಿದಾಗಲೇ ಗ್ರೂಬರ್ ಆ ವಿವರಣೆಯನ್ನು ಬರೆಯಬೇಕಾಯಿತು. ಅಷ್ಟರಲ್ಲಿ ಮೋರ್ ಅವರು ತೀರಿಕೊಂಡು ಆರು ವರ್ಷಗಳಾಗಿದ್ದವು. ಬಡವರಾಗಿಯೇ ಸತ್ತರು.

ಈಗ ನಮ್ಮ ಮನೆಯ ಮಾತಿಗೆ ಬರೋಣ. ದ್ವಿತೀಯ ವ್ಯಾಟಿಕನ್ ಮಹಾಸಭೆಯು 1963ರ ಡಿಸೆಂಬರ್ 4ರಂದು ದೈವಾರಾಧನೆಯನ್ನು ಕುರಿತು ಹೊರಡಿಸಿದ ಶಾಸನವು ಭಕ್ತಿಗೀತೆಗಳ ಮಾತು ಮುಖ್ಯವಾಗಿ ಪವಿತ್ರಗ್ರಂಥದಿಂದಲೂ ಆರಾಧನಾವಿಧಿಯಿಂದಲೂ ಬರಬೇಕೆಂದಿತು. ಆಯಾ ಜನಾಂಗದ ಸಂಗೀತಸಂಪ್ರದಾಯಕ್ಕೆ ತಕ್ಕ ಗೌರವವಿರಬೇಕೆಂದಿತು. ಅದಕ್ಕೆ ಮೊದಲು ನಮ್ಮ ಹಿರಿಯರು ಅರ್ಥ ತಿಳಿಯದೆಯೂ ಲತೀನ್ ಗೀತೆಗಳನ್ನು ಬಾಯಿಪಾಠವಾಗಿ, ಮನೆ ಅದುರುವಂತೆ ಹಾಡುತ್ತಿದ್ದರು. ಬಳಿಕ ಕನ್ನಡ ಬಂದಿತು. ತರಾತುರಿಯಲ್ಲಿ ಪಾಶ್ಚಾತ್ಯ ರಾಗಗಳಿಗೆ ಕನ್ನಡ ಮಾತುಗಳನ್ನು ತುಂಬಿದವರೂ ಇದ್ದರು. ಅವರ ಸೇವೆಯನ್ನು ಹೀಗಳೆಯಬಾರದು. ಆದರೂ ಕನ್ನಡದಲ್ಲಿ ಹ್ರಸ್ವವು ಹ್ರಸ್ವವೇ, ದೀರ್ಘವು ದೀರ್ಘವೇ. ರಾಗವು ಎಳೆಯುತ್ತದೆಂದು ‘ಮರಿಯಮ್ಮ’ ಎಂಬ ಪುಣ್ಯನಾಮದ ಮೊದಲ ಅಕ್ಷರವನ್ನು ಎಳೆದರೆ ಊರ ಗಡಿಯ ‘ಮಾರಿಯಮ್ಮ’ ಆಗಿಬಿಡುತ್ತದೆ! ನಗಬೇಡಿ, ಕಳೆದ ಹಬ್ಬದಲ್ಲಿಯೂ ಗಾನವೃಂದದವರು ಹಾಗೆಯೇ ಹಾಡಿದರು.

ಚಲನಚಿತ್ರದ ಧಾಟಿಗಳ ವಿಷಯದಲ್ಲಿ ನಮ್ಮ ಆಕ್ಷೇಪಣೆ ಅದು ಲೌಕಿಕವೆಂಬುದಲ್ಲ. ಆ ರಾಗ ಬೇರೊಂದು ಕಥೆಯ ನೆನಪನ್ನು ಹೊತ್ತಿದೆ. ಪರಮಪ್ರಸಾದ ಸ್ವೀಕರಿಸಿ ಬಂದವರು ಕಣ್ಣುಮುಚ್ಚಿದರೆ ನಾಯಕ ನಾಯಕಿಯರೇ ಕಣ್ಮುಂದೆ ಬರುತ್ತಾರೆ. ಅದು ಹಾಡಿದವರ ತಪ್ಪಲ್ಲ, ರಾಗದ ನೆನಪು. ಸಂತ ಅಗಸ್ಟೀನರಂಥವರೇ ಹಾಡಿನ ಅರ್ಥಕ್ಕಿಂತ ರಾಗವೇ ತಮ್ಮನ್ನು ಹೆಚ್ಚಾಗಿ ಸೆಳೆದಾಗ ಕಳವಳಪಟ್ಟರು. ಆದರೆ ಮಿಲಾನಿನಲ್ಲಿ ಹಾಡು ಮಾಡಿದ ಉಪಕಾರವನ್ನೂ ಅವರೇ ಬರೆದಿದ್ದಾರೆ. 386ರಲ್ಲಿ ರಾಜಮಾತೆ ಯುಸ್ತೀನಳ ಹಿಂಸೆಗೆ ಗುರಿಯಾದ ಧರ್ಮಾಧ್ಯಕ್ಷ ಸಂತ ಅಂಬ್ರೋಸರೊಡನೆ ಜನರು ದೇವಾಲಯದಲ್ಲೇ ಸಾಯಲು ಸಿದ್ಧರಾಗಿ ಹಗಲಿರುಳು ಕಾವಲಿದ್ದರು. ಅವರು ದುಃಖದಿಂದ ಕುಗ್ಗದಿರಲೆಂದು ಪೂರ್ವದೇಶಗಳ ರೀತಿಯಲ್ಲಿ ಕೀರ್ತನೆ ಸ್ತೋತ್ರಗಳನ್ನು ಹಾಡುವ ಪದ್ಧತಿ ಅಲ್ಲಿ ಮೊದಲಾಯಿತು. ಅಂಬ್ರೋಸರು ಕಟ್ಟಿದ ಸ್ತೋತ್ರಗಳ ಸಾಲುಗಳು ಎಂಟೆಂಟು ಅಕ್ಷರಗಳವು, ನಾಲ್ಕು ಸಾಲಿಗೊಂದು ಚರಣ. ಕಾವಲು ಕುಳಿತವರು ಒಮ್ಮೆ ಕೇಳಿದರೆ ಕಲಿಯುವಂಥವು.

ಹಾಗಾದರೆ ನಾವು ಎಲ್ಲಿ ಹುಡುಕಬೇಕು? ಈ ದೇವಾಲಯದ ಮರಣದಾಖಲೆಯ ಹಳೆಯ ಪುಟಗಳನ್ನು ನಾವು ಈ ವರ್ಷ ಓದಿದೆವು. ತಿಂಗಳು ತುಂಬದ ಮಕ್ಕಳ ಹೆಸರುಗಳು ಒಂದರ ಕೆಳಗೊಂದು ಇವೆ. ಆ ತಾಯಂದಿರಿಗಾಗಿ ನಮ್ಮಲ್ಲಿ ಒಂದು ಹಾಡಿದೆಯೇ? ಕೆಲಸ ಅರಸಿ ಊರು ಬಿಟ್ಟ ಮಕ್ಕಳು ಹಬ್ಬಕ್ಕೆ ಬಂದು ಹಿಂದಿರುಗುವಾಗ ಬಸ್ಸಿನ ಬಳಿ ನಿಲ್ಲುವ ತಂದೆಯರಿಗಾಗಿ? ಮಳೆಗಾಗಿ ಜಪಸರ ಹಿಡಿದು ಹೊಲ ಸುತ್ತಿದವರಿಗಾಗಿ? ಕೀರ್ತನೆಗಳ ಗ್ರಂಥದಲ್ಲಿ ಇವರೆಲ್ಲರ ಮಾತೂ ಇದೆ. ನಮ್ಮ ಹಾಡಿನ ಪುಸ್ತಕದಲ್ಲಿ ಇಲ್ಲ. ಬೀಸುವ ಕಲ್ಲಿನ ಮುಂದೆ ಕುಳಿತ ಅಕ್ಷರ ತಿಳಿಯದ ಹೆಂಗಸರು ತವರಿನ ದುಃಖವನ್ನೆಲ್ಲ ಪದವಾಗಿಸಿದ ನಾಡು ಇದು. ನಮಗೆ ವರವಿಲ್ಲವೆಂದು ಹೇಳುವುದು ಆ ಅಜ್ಜಿಯರಿಗೆ ಮಾಡುವ ಅಗೌರವ.

ವರವಿಲ್ಲದವರ ಪರವಾಗಿ ಕೇಡ್ಮನ್ ಎಂಬ ದನಗಾಹಿಯನ್ನೂ ನೆನೆಯೋಣ. ಏಳನೆಯ ಶತಮಾನದಲ್ಲಿ ಇಂಗ್ಲೆಂಡಿನ ವಿಟ್ಬಿ ಮಠದಲ್ಲಿದ್ದವನು; ಅವನ ಕಥೆಯನ್ನು ಸಂತ ಬೀಡರು ಬರೆದಿಟ್ಟಿದ್ದಾರೆ. ಔತಣದಲ್ಲಿ ತಂತಿವಾದ್ಯ ಕೈಯಿಂದ ಕೈಗೆ ಬರುವಾಗ, ಹಾಡಲು ಬಾರದೆಂಬ ನಾಚಿಕೆಯಿಂದ ಎದ್ದು ಕೊಟ್ಟಿಗೆಗೆ ಹೋಗಿಬಿಡುತ್ತಿದ್ದನು. ಅಲ್ಲಿ ಒಂದು ರಾತ್ರಿ ಕನಸಿನಲ್ಲಿ ಸೃಷ್ಟಿಯನ್ನು ಕುರಿತು ಹಾಡೆಂಬ ಅಪ್ಪಣೆಯಾಯಿತು. ಜನರು ಈ ಕನಸನ್ನು ಮಾತ್ರ ನೆನಪಿಡುತ್ತಾರೆ. ಅನಂತರ ನಡೆದದ್ದೂ ಮುಖ್ಯ. ಮಠಾಧಿಪತಿ ಸಂತ ಹಿಲ್ಡಾ ಅವರ ಅಪ್ಪಣೆಯಂತೆ ಅವನಿಗೆ ಪವಿತ್ರಗ್ರಂಥವನ್ನು ಓದಿ ಹೇಳಿದರು. ಅವನು ದನವು ಮೇವನ್ನು ಮೆಲುಕು ಹಾಕುವಂತೆ ಕೇಳಿದ್ದನ್ನು ಮೆಲುಕು ಹಾಕಿ ಹಾಡು ಮಾಡುತ್ತಿದ್ದನಂತೆ. ದನ ಕಾಯ್ದವರಿಗೆ ಈ ಮಾತಿನ ಅರ್ಥವನ್ನು ವಿವರಿಸಬೇಕಾಗಿಲ್ಲ.

ನಿಮ್ಮ ಹಾಡಿಗೆ ಜನರು ನೀವು ನೆನೆಯದ ಅರ್ಥ ಹೇಳಿದರೆ ಬೇಸರಪಡಬೇಡಿ. ನ್ಯೂಮನ್‌ರ ಪದ್ಯದ ಕೊನೆಯ ಸಾಲುಗಳ ಅರ್ಥವೇನೆಂದು 1879ರಲ್ಲಿ ಒಬ್ಬರು ಪತ್ರ ಬರೆದು ಕೇಳಿದರು. ಸುಮಾರು ಐವತ್ತು ವರ್ಷಗಳ ಹಿಂದೆ ತಮ್ಮ ಮನಸ್ಸಿನಲ್ಲಿದ್ದುದನ್ನು ಈಗ ನೆನಪಿಟ್ಟಿರಬೇಕೆಂಬ ಕಟ್ಟುಪಾಡು ತಮಗಿಲ್ಲವೆಂದು ಆ ವೃದ್ಧರು ಉತ್ತರಿಸಿದರು. ಅಷ್ಟು ಹೊತ್ತಿಗೆ ಆ ಸಾಲುಗಳು ಸತ್ತವರನ್ನು ನೆನೆಯುವ ಎಷ್ಟೋ ಮನೆಗಳವರ ಸ್ವತ್ತಾಗಿದ್ದವು.

ಆದುದರಿಂದ ಬರೆಯುವವರು ಬರೆಯಲಿ. ಚರಣಗಳು ಮೂರು ನಾಲ್ಕಿರಲಿ. ರಾಗವು ಮುದುಕರ ಕಂಠಕ್ಕೂ ಮಕ್ಕಳ ಕಂಠಕ್ಕೂ ಎಟುಕುವ ಸ್ಥಾಯಿಯಲ್ಲಿರಲಿ. ಬರೆದದ್ದನ್ನು ಮೊದಲು ನಮ್ಮ ಬಳಿಗೆ ತರಬೇಕಾಗಿಲ್ಲ. ಮನೆಯಲ್ಲಿ ಜಪಸರ ಮುಗಿದ ಮೇಲೆ ಅಜ್ಜಿಗೆ ಹಾಡಿ ತೋರಿಸಿರಿ. ಎರಡನೆಯ ಚರಣಕ್ಕೆ ಅವರು ದನಿಗೂಡಿಸಿದರೆ ಹಾರ್ಮೋನಿಯಂ ನುಡಿಸುವವರಿಗೆ ಕೊಡಿರಿ. ಅವರು ಶನಿವಾರ ಸಂಜೆ ಐದರಿಂದ ಇಲ್ಲಿಯೇ ಇರುತ್ತಾರೆ.